ಮೊದಲು ಮುಖ, ಆಮೇಲೆ ಹೊಲ

ನಿಪ್ಪಾಣಿಯ ಅಕ್ಕೋರೇ, ಮೂರನೇ ಇಯತ್ತೆಯ ಮಕ್ಕಳೆಲ್ಲ ಎರಡು ಗುಡ್ಡ, ನಡುವೆ ಸೂರ್ಯ ಇಷ್ಟನ್ನೇ ಬಿಡಿಸುತ್ತಾರೆ ಎಂದು ಬರೆದಿದ್ದೀರಿ. ಬೈಯಬೇಡಿ, ನೋಡಲು ಕಲಿಸಿ.

ಮೊದಲು ಜೋಡಿಜೋಡಿಯಾಗಿ ಎದುರುಬದುರು ಕೂಡಿಸಿ, ಒಬ್ಬರ ಮುಖ ಇನ್ನೊಬ್ಬರಿಂದ ಬರೆಸಿ. ಮಕ್ಕಳು ಕಣ್ಣನ್ನು ಸಾಮಾನ್ಯವಾಗಿ ಹಣೆಯ ಮೇಲೆ ಬರೆಯುತ್ತಾರೆ. ನೆತ್ತಿಯಿಂದ ಗದ್ದದವರೆಗೆ ಪೆನ್ಸಿಲ್ ಹಿಡಿದು ಅಳೆಯಲು ಹೇಳಿ; ಕಣ್ಣು ಹೆಚ್ಚುಕಡಿಮೆ ನಟ್ಟನಡುವೆ ಇರುವುದನ್ನು ತಾವೇ ಕಂಡು ಬೆರಗಾಗುತ್ತಾರೆ.

ಆಮೇಲೆ ಕಾಗದ ಅಡ್ಡ ತಿರುಗಿಸಿ ಹೊರಗೆ ಕರೆದೊಯ್ಯಿರಿ. ರಟ್ಟಿನಲ್ಲಿ ಕಿಂಡಿ ಕತ್ತರಿಸಿ ಅದರೊಳಗಿಂದ ನೋಡಲು ಕೊಟ್ಟರೆ, ಚಿತ್ರದಲ್ಲಿ ಏನನ್ನು ಬಿಡಬೇಕೆಂಬುದೂ ತಿಳಿಯುತ್ತದೆ. ಹತ್ತಿರದ ತಂಬಾಕಿನ ಎಲೆ ಕಡುಹಸಿರು, ದೂರದ ತವಂದಿ ಘಾಟಿನ ಗುಡ್ಡ ಮಸುಕು ನೀಲಿ. ಇದನ್ನು ಅವರೇ ಹೇಳಲಿ. ಪಕ್ಕದ ಕೊಲ್ಲಾಪುರದ ಅಬಾಲಾಲ್ ರಹಿಮಾನ್ ತಮ್ಮೂರಿನ ಸುತ್ತಲ ನೋಟಗಳನ್ನೇ ಪ್ರೀತಿಯಿಂದ ಚಿತ್ರಿಸಿದವರು. ಅವರ ಚಿತ್ರಗಳನ್ನು ತೋರಿಸಿ. ರಬ್ಬರ್ ಮಾತ್ರ ಅಂದು ನಿಮ್ಮ ಕಪಾಟಿನಲ್ಲೇ ಇರಲಿ.