ಪುಸ್ತಕಕ್ಕೊಂದು ವಿಳಾಸ

ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಯಾದ ನಾನು ಕಳೆದ ರಜೆಯಲ್ಲಿ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಒಂದು ತಿಂಗಳು ತರಬೇತಿ ಪಡೆದೆನು. ಅಲ್ಲಿ ಕಲಿತ ಪಾಠವೊಂದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

1876ರಲ್ಲಿ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಾಂಶ ವರ್ಗೀಕರಣವು ಸಮಸ್ತ ಜ್ಞಾನವನ್ನೂ ಹತ್ತು ವರ್ಗಗಳಲ್ಲಿ ಅಡಗಿಸುತ್ತದೆ. 600 ಅನ್ವಯಿಕ ವಿಜ್ಞಾನ. ಅದರೊಳಗೆ 630 ಕೃಷಿ, 633 ಹೊಲದ ಬೆಳೆಗಳು. ಕನ್ನಡ ಸಾಹಿತ್ಯಕ್ಕೆ 894.814. ಬೆನ್ನಿಗಂಟಿಸಿದ ಈ ಅಂಕೆಯೇ ಪುಸ್ತಕದ ವಿಳಾಸ.

ಮೂರನೆಯ ದಿನ ವೃದ್ಧ ರೈತರೊಬ್ಬರು ಬಂದು, "ರಾಗಿ ಬೆಳೆಯೋ ಪುಸ್ತಕ ಐತೇನಪ್ಪಾ? ಮೊಮ್ಮಗಳು ಓದಿ ಹೇಳ್ತಾಳೆ" ಎಂದರು. ಸೂಚಿಯಲ್ಲಿ ಹೆಸರಿತ್ತು, ಕಪಾಟಿನಲ್ಲಿ ಪುಸ್ತಕವಿರಲಿಲ್ಲ. ಅವರು ಬರಿಗೈಯಲ್ಲಿ ಹಿಂದಿರುಗಿದರು. ಸಂಜೆ ಅದು ಸಮಾಜ ಸೇವೆಯ 363ರ ಸಾಲಿನಲ್ಲಿ ಸಿಕ್ಕಿತು. ಹಿಂದಿನ ದಿನ ಅಲ್ಲಿಟ್ಟವನು ನಾನೇ! ಅಕ್ಷರ ಬಾರದ ನನ್ನ ತಂದೆಯ ಮುಖ ಕಣ್ಣೆದುರು ನಿಂತಿತು.

1931ರಲ್ಲಿ ಡಾ. ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದು ಎರಡನೆಯದು. ಓದುಗನ ವೇಳೆ ಉಳಿಸಬೇಕೆಂಬುದು ನಾಲ್ಕನೆಯದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಇವೆರಡನ್ನೂ ಎರಡಂಕೆಗಳ ಅದಲುಬದಲಿನಿಂದ ಮುರಿದಿದ್ದೆನು.

ಗ್ರಂಥಪಾಲಕರು ಗದರಿಸಲಿಲ್ಲ. ದಿನವೂ ಬೆಳಿಗ್ಗೆ ಕಪಾಟಿನ ಅಂಕೆಗಳನ್ನು ಸಾಲಾಗಿ ಓದಿ ಸರಿಪಡಿಸಲು ಹೇಳಿದರು. ಹಾಗೆಯೇ ಮಾಡಿದೆನು. ಆ ಪುಸ್ತಕವನ್ನು ಮೇಜಿನ ಮೇಲೆ ತೆಗೆದಿರಿಸಿದೆನು. ತಿಂಗಳು ಮುಗಿಯುವವರೆಗೂ ಆ ಅಜ್ಜ ಬರಲಿಲ್ಲ.

ಮಿತ್ರರೇ, ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿಯೂ ನೋಡಿದ ಪುಸ್ತಕವನ್ನು ಸಿಕ್ಕ ಸಂದಿಗೆ ತುರುಕದೆ ಮೇಜಿನ ಮೇಲೆಯೇ ಬಿಡಿರಿ. ಸ್ಥಾನ ತಪ್ಪಿದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮಾನ.