ಬೇಸಿಗೆಯ ರಾತ್ರಿ ಊಟ: ನಮ್ಮ ಶಾವಿಗೆ, ಇಟಲಿಯ ಪಾಸ್ತಾ



ಹೋದ ಸಂಚಿಕೆಯಲ್ಲಿ ನಮ್ಮ ತರಗತಿಯ ಒಬ್ಬ ಮಿತ್ರ ಚಂದ್ರಯಾನದ ಬಗ್ಗೆ ಬರೆದಿದ್ದ. ನಾನು ಈ ಸಲ ಅಷ್ಟು ದೂರ ಹೋಗುವುದಿಲ್ಲ, ಅಡಿಗೆ ಮನೆಯವರೆಗೆ ಮಾತ್ರ ಹೋಗುತ್ತೇನೆ. “ಹುಡುಗ್ರು ಅಡಿಗಿ ಬಗ್ಗೆ ಬರೀತಾರೇನಲೇ” ಎಂದು ಹಿಂದಿನ ಬೆಂಚಿನವರು ನಗಬಹುದು. ನಗಲಿ. ಸಂಜೆ ಆಟ ಮುಗಿಸಿ ಮನೆಗೆ ಹೋದಾಗ ಅವರು ಮೊದಲು ಕೇಳುವುದು “ಯವ್ವಾ, ಏನ್ ಮಾಡೀದಿ” ಅಂತಲೇ.

ನಮ್ಮ ಗದಗ ಜಿಲ್ಲೆಯ ಬೇಸಿಗೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹೊತ್ತು ಮುಳುಗಿದರೂ ಗೋಡೆ ಮುಟ್ಟಿದರೆ ಬೆಚ್ಚಗೆ ಇರುತ್ತದೆ. ಅಂಥ ಹೊತ್ತಿನಲ್ಲೇ ನಮ್ಮ ತಾಯಂದಿರು ರೊಟ್ಟಿ ಬಡಿಯಲು ಒಲೆ ಮುಂದೆ ಕೂಡುತ್ತಾರೆ. ನಮ್ಮವ್ವ ಹಗಲೆಲ್ಲ ಕೂಲಿ ಮಾಡಿ ಬಂದು ಆರೂವರೆಗೆ ಒಲೆ ಹೊತ್ತಿಸುತ್ತಾಳೆ. ಗ್ಯಾಸ್ ಇದೆ, ಆದರೆ ಸಿಲಿಂಡರ್ ಬೇಗ ಮುಗಿಯುತ್ತದೆ ಎಂದು ರೊಟ್ಟಿ ಮಾತ್ರ ಕಟ್ಟಿಗೆ ಒಲೆಯ ಮೇಲೆಯೇ. ಮೊನ್ನೆ ಒಂದು ದಿನ ಅವಳಿಗೆ ರೊಟ್ಟಿ ಬಡಿಯುತ್ತಿದ್ದಾಗಲೇ ಚಕ್ಕರ್ ಬಂತು. ನೀರು ಕುಡಿದು ಸ್ವಲ್ಪ ಹೊತ್ತು ಹೊರಗೆ ಕೂತು ಮತ್ತೆ ಒಳಗೆ ಹೋಗಿ ಉಳಿದ ರೊಟ್ಟಿ ಮಾಡಿದಳು. ಆದ್ದರಿಂದ ನಾನು ಈ ವಿಷಯವನ್ನು ಅಭ್ಯಾಸ ಮಾಡಲು ತೆಗೆದುಕೊಂಡೆ.

ನಮ್ಮ ವಿಜ್ಞಾನದ ಸರ್ ಅವರನ್ನು ಕೇಳಿ ಶಾಲೆಯ ಉಷ್ಣತಾಮಾಪಕವನ್ನು ಮೂರು ದಿನ ಮನೆಗೆ ಒಯ್ದಿದ್ದೆ. (ಒಡೆಯದೆ ವಾಪಸ್ ಕೊಟ್ಟಿದ್ದೇನೆ.) ಸಂಜೆ ಏಳು ಗಂಟೆಗೆ ಅಂಗಳದಲ್ಲಿ 32 ಡಿಗ್ರಿ ಇತ್ತು. ಅವ್ವ ಕೂಡುವ ಜಾಗದಲ್ಲಿ, ಒಲೆಯಿಂದ ಒಂದೂವರೆ ಮೊಳ ದೂರ ಹಿಡಿದಾಗ, ಮೂರು ದಿನವೂ 41ರ ಮೇಲೆ ಹೋಯಿತು. ನಮ್ಮ ಮನೆಯಲ್ಲಿ ಆರು ಜನ. ರಾತ್ರಿಗೆ 18 ರೊಟ್ಟಿ ಬೇಕು. ಒಂದು ರೊಟ್ಟಿ ಬಡಿದು ಸುಡಲು 3 ನಿಮಿಷ ಎಂದರೆ 54 ನಿಮಿಷ ಆಯಿತು. ಪಲ್ಯ, ಸಾರು ಬೇರೆ. ಅಂದರೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಅವ್ವ 41 ಡಿಗ್ರಿಯಲ್ಲಿ ಕೂತಿರುತ್ತಾಳೆ.

ಬೆವರು ಆವಿಯಾದಾಗ ಮೈ ತಂಪಾಗುತ್ತದೆ ಎಂದು ನಾವು ಓದಿದ್ದೇವೆ. ಆದರೆ ಗಾಳಿ ಆಡದ ಅಡಿಗೆ ಮನೆಯಲ್ಲಿ ಕುದಿಯುವ ನೀರಿನ ಹಬೆ ತುಂಬಿರುತ್ತದೆ. ಅಲ್ಲಿ ಬೆವರು ಸುರಿಯುತ್ತದೆ, ಆವಿಯಾಗುವುದು ಕಡಿಮೆ. ಹಾಗಾಗಿ ಮೈಯೊಳಗಿನ ನೀರು, ಉಪ್ಪು ಎರಡೂ ಹೋಗುತ್ತವೆ, ತಂಪು ಮಾತ್ರ ಆಗುವುದಿಲ್ಲ. ಚಕ್ಕರ್ ಬರುವುದು ಇದರಿಂದ ಎಂದು ಸರ್ ವಿವರಿಸಿದರು.

ಹಾಗಾದರೆ ಬೇಸಿಗೆಯ ರಾತ್ರಿ ಒಲೆ ಮುಂದೆ ಹೆಚ್ಚು ಹೊತ್ತು ಕೂಡದೆ ಎಲ್ಲರ ಹೊಟ್ಟೆ ತುಂಬುವ ಊಟ ಯಾವುದು? ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ನಮ್ಮ ನೆಲುವಿನ ಮೇಲಿನ ಡಬ್ಬಿಯಲ್ಲೇ ಇತ್ತು. ಅದು ಶಾವಿಗೆ.

ಶಾವಿಗೆ ಎಂದರೆ ಪಾಯಸ, ಹಬ್ಬ, ಬೀಗರು ಎಂದು ನಾವು ತಿಳಿದಿದ್ದೇವೆ. ಆದರೆ ಇದು ಮೂರು ನಿಮಿಷದಲ್ಲಿ ಬೇಯುತ್ತದೆ. ಏಕೆ ಗೊತ್ತೇ? ಇದರ ಕಷ್ಟದ ಕೆಲಸವನ್ನೆಲ್ಲ ಮೊದಲೇ ಮಾಡಿ ಮುಗಿಸಿರುತ್ತಾರೆ. ನಮ್ಮ ಆಯಿ ಹೇಳುವಂತೆ ಮೊದಲು ಗೋಧಿಗೆ ನೀರು ಚಿಮುಕಿಸಿ ಕಟ್ಟಿಟ್ಟು, ಆಮೇಲೆ ಬೀಸಿ, ಸೋಸಿ ಸಣ್ಣ ರವೆ ತೆಗೆಯುತ್ತಿದ್ದರು. ಅದನ್ನು ಗಟ್ಟಿಯಾಗಿ ಕಲಸಿ, ಕುಟ್ಟಿ ಕುಟ್ಟಿ ಹದ ಮಾಡುತ್ತಿದ್ದರು. ನಂತರ ಶಾವಿಗೆ ಮಣೆಯನ್ನು ಇಳಿಜಾರಾಗಿ ಇಟ್ಟು ಅಂಗೈಯಿಂದ ಹೊಸೆದರೆ ಕೆಳಗೆ ಎಳೆ ಇಳಿಯುತ್ತದೆ. ಕೆಳಗೆ ಕೂತವರು ಅದನ್ನು ಎಳೆದು ಕೋಲಿನ ಮೇಲೆ ಹಾಕಿ ಒಣಗಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಇವತ್ತು ಇವರ ಮನೆ, ನಾಳೆ ಅವರ ಮನೆ ಎಂದು ಸರದಿ ಮಾಡಿಕೊಂಡು, ಹಾಡು ಹೇಳುತ್ತ ಮಾಡುತ್ತಿದ್ದರಂತೆ. ಈಗ ಮಷಿನ್ ಬಂದಿದೆ. ಹಿಟ್ಟು ಒಯ್ದು ಕೊಟ್ಟರೆ ಅರ್ಧ ತಾಸಿನಲ್ಲಿ ಶಾವಿಗೆ. “ಮಷಿನ್ ಶಾವಿಗಿ ದಪ್ಪ, ಅದಕ್ಕ ರುಚಿ ಇಲ್ಲ” ಎಂದು ಆಯಿ ಹೇಳಿದರೂ ಎರಡು ಬಟ್ಟಲು ಉಣ್ಣುತ್ತಾಳೆ.

ಎಳೆ ಹರಿಯದೆ ಬರುವುದು ಹೇಗೆ? ಗೋಧಿಯಲ್ಲಿ ಎರಡು ಬಗೆಯ ಪ್ರೋಟೀನುಗಳಿವೆ. ನೀರು ಹಾಕಿ ನಾದಿದಾಗ ಅವು ಒಂದಕ್ಕೊಂದು ಹೆಣೆದುಕೊಂಡು ಗ್ಲೂಟೆನ್ ಎಂಬ ಜಿಗುಟಾದ ಬಲೆಯಾಗುತ್ತವೆ. ಅದು ರಬ್ಬರಿನಂತೆ ಎಳೆಯುತ್ತದೆ. ಜೋಳದ ಹಿಟ್ಟಿನಲ್ಲಿ ಗ್ಲೂಟೆನ್ ಇಲ್ಲ. ಅದಕ್ಕೇ ಜೋಳದ ಹಿಟ್ಟನ್ನು ಬಿಸಿನೀರಲ್ಲಿ ಕಲಸಿ ರೊಟ್ಟಿ ಬಡಿಯುತ್ತೇವೆ, ಹೊಸೆದು ಎಳೆಯಲು ಹೋದರೆ ತುಂಡಾಗುತ್ತದೆ. ಅಕ್ಕಿಯಲ್ಲೂ ಇಲ್ಲ. ಆದ್ದರಿಂದ ಮೈಸೂರು, ಮಲೆನಾಡಿನ ಕಡೆ ಅಕ್ಕಿ ಹಿಟ್ಟನ್ನು ಮೊದಲು ಬೇಯಿಸಿ, ಬಿಸಿ ಇರುವಾಗಲೇ ಒರಳಿನಲ್ಲಿ ಹಾಕಿ ಒತ್ತುತ್ತಾರೆ. ಅದಕ್ಕೆ ಒತ್ತುಶಾವಿಗೆ ಎಂದು ಹೆಸರು. ಅಲ್ಲಿ ಅಂಟಿನ ಕೆಲಸ ಮಾಡುವುದು ಬೆಂದ ಪಿಷ್ಟ.

ಈಗ ಪಾಸ್ತಾಗೆ ಬರುತ್ತೇನೆ. ನಮ್ಮೂರ ಅಂಗಡಿಯಲ್ಲೂ ಈಗ ಪ್ಯಾಕೆಟ್ ತೂಗುಹಾಕಿರುತ್ತಾರೆ. ಕೊಳವೆಯಂತೆ, ಶಂಖದಂತೆ, ಸ್ಪ್ರಿಂಗಿನಂತೆ ಇರುತ್ತದಲ್ಲ, ಅದೇ. ಪಾಸ್ತಾ ಇಟಲಿ ದೇಶದ್ದು. ಆ ಭಾಷೆಯಲ್ಲಿ ಪಾಸ್ತಾ ಎಂದರೆ ಕಲಸಿದ ಹಿಟ್ಟು, ಕಣಕ ಎಂದಷ್ಟೇ ಅರ್ಥ. ಸ್ಪಾಗೆಟ್ಟಿ ಎಂದರೆ ಸಣ್ಣ ದಾರಗಳು. ವರ್ಮಿಸೆಲ್ಲಿ ಎಂದರೆ ಸಣ್ಣ ಹುಳುಗಳು! (ನಮ್ಮ ಶಾವಿಗೆ ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿ ಇದೇ ಹೆಸರು ಇರುತ್ತದೆ. ತಂಗಿಗೆ ಹೇಳಬೇಡಿ, ಉಣ್ಣುವುದು ಬಿಟ್ಟಾಳು.) ಒರ್ಜೊ ಎಂಬುದು ಕಾಳಿನಂತೆ ಇರುತ್ತದೆ. ನಮ್ಮಲ್ಲಿ ಮದುವೆಗೆ ಬೆರಳ ತುದಿಯಲ್ಲಿ ಹೊಸೆದು ಅಕ್ಕಿ ಕಾಳಿನಷ್ಟು ಸಣ್ಣ ಗವಲಿ ಮಾಡುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಆಕಾರ. ಬಾರಿ ಎಂಬ ಊರಿನಲ್ಲಿ ಹೆಂಗಸರು ಮನೆ ಮುಂದೆ ಕೂತು ಹೆಬ್ಬೆರಳಿನಿಂದ ಒತ್ತಿ ಕಿವಿಯ ಆಕಾರದ ಪಾಸ್ತಾ ಮಾಡಿ ಹಲಗೆಯ ಮೇಲೆ ಒಣಹಾಕುತ್ತಾರೆ. ನೇಪಲ್ಸ್ ಹತ್ತಿರದ ಗ್ರಾನ್ಯಾನೊ ಎಂಬ ಊರಿನಲ್ಲಿ ಹಿಂದೆ ಬೀದಿಯಲ್ಲೇ ಕೋಲುಗಳ ಮೇಲೆ ಉದ್ದನೆಯ ಪಾಸ್ತಾ ತೂಗುಹಾಕಿ ಗಾಳಿಗೆ ಒಣಗಿಸುತ್ತಿದ್ದರು. ನಮ್ಮ ಶಾವಿಗೆಯಂತೆಯೇ!

ಸಿಸಿಲಿ ದ್ವೀಪದಲ್ಲಿ ಹಿಟ್ಟಿನ ಎಳೆಗಳನ್ನು ಮಾಡಿ ಹಡಗಿನಲ್ಲಿ ದೂರದ ಊರುಗಳಿಗೆ ಕಳಿಸುತ್ತಿದ್ದರೆಂದು ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಶಾಸ್ತ್ರಜ್ಞ 1154ರಲ್ಲಿ ಮುಗಿಸಿದ ಗ್ರಂಥದಲ್ಲಿ ಬರೆದಿದ್ದಾನೆ. ಒಣಗಿದ್ದರಿಂದಲೇ ಅದು ಹಡಗಿನಲ್ಲಿ ಕೆಡದೆ ಹೋಗುತ್ತಿತ್ತು. ನೀರಿನ ಅಂಶ ಇಲ್ಲದ ಕಡೆ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ಒಣ ಪಾಸ್ತಾವನ್ನು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು ಎಂದು ಇಟಲಿಯಲ್ಲಿ 1967ರಲ್ಲಿ ಕಾನೂನೇ ಆಗಿದೆ. ಈ ಗೋಧಿ ನಮಗೇನೂ ಹೊಸದಲ್ಲ. ನಮ್ಮ ಎರೆ ಹೊಲದಲ್ಲಿ ಹಿಂಗಾರಿಗೆ ಬರುವ ಗೋಧಿಗಳಲ್ಲಿ ಡ್ಯೂರಮ್ ಕೂಡ ಇದೆ. ಅದರ ಪೂರ್ವಜನೆಂದರೆ ನಾವು ಜವೆ ಗೋಧಿ, ಸದಕ ಎಂದು ಕರೆಯುವ ಗೋಧಿ. ಅದರ ಕಾಳಿಗೆ ಹೊಟ್ಟು ಬಿಗಿಯಾಗಿ ಅಂಟಿರುತ್ತದೆ, ಕುಟ್ಟಿ ತೆಗೆಯಬೇಕು. ಇದು ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಬೆಳೆಯುತ್ತದೆ. ಗೋಧಿ ಹುಗ್ಗಿಗೆ, ಶಾವಿಗೆಗೆ ಇದೇ ಆಗಬೇಕು ಎನ್ನುವವರು ಬಹಳ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರಲ್ಲಿ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ಕೊಟ್ಟಿದ್ದಾರೆ. ಚಪಾತಿ ಗೋಧಿಯ ಜೀವಕೋಶದಲ್ಲಿ 42 ವರ್ಣತಂತುಗಳಿದ್ದರೆ ಡ್ಯೂರಮ್ ಮತ್ತು ಜವೆ ಗೋಧಿ ಎರಡರಲ್ಲೂ 28. ಅಂದರೆ ಪಾಸ್ತಾ ಮತ್ತು ನಮ್ಮ ಶಾವಿಗೆ ಒಂದೇ ಮನೆತನದವು ಎಂದಾಯಿತು.

ಇನ್ನು ಅಡಿಗೆ. ನಾನು ಎರಡನ್ನು ಮಾಡಿ ನೋಡಿದ್ದೇನೆ.

ಮೊದಲನೆಯದು ಮೊಸರು ಶಾವಿಗೆ. ಆರು ಜನರಿಗೆ 300 ಗ್ರಾಂ ಶಾವಿಗೆ ಸಾಕು. ದೊಡ್ಡ ಪಾತ್ರೆಯಲ್ಲಿ 3 ಲೀಟರ್ ನೀರು ಕುದಿಸಿ, ಉಪ್ಪು, ಒಂದು ಚಮಚ ಶೇಂಗಾ ಎಣ್ಣೆ ಹಾಕಬೇಕು. ನೀರು ಚೆನ್ನಾಗಿ ಕುದಿಯುವಾಗಲೇ ಶಾವಿಗೆ ಹಾಕಬೇಕು, ಇದು ಮುಖ್ಯ. ನೀರು ಕಡಿಮೆ ಇದ್ದರೆ ಎಳೆಗಳಿಂದ ಬಿಟ್ಟ ಪಿಷ್ಟ ಗಂಜಿಯಾಗಿ ಎಲ್ಲ ಮುದ್ದೆ ಆಗುತ್ತದೆ. ಮೂರು ನಿಮಿಷಕ್ಕೆ ಒಂದು ಎಳೆ ತೆಗೆದು ಹಿಸುಕಿ ನೋಡಿ ಇಳಿಸಬೇಕು. ಬಸಿಯುವಾಗ ಸಣ್ಣವರು ಪಾತ್ರೆ ಎತ್ತಬಾರದು, ದೊಡ್ಡವರನ್ನು ಕರೆಯಿರಿ. ಬಸಿದ ಮೇಲೆ ಕುಡಿಯುವ ತಣ್ಣೀರು ಹಾಕಿ ತೊಳೆದರೆ ಬೇಯುವುದು ನಿಲ್ಲುತ್ತದೆ, ಎಳೆ ಬಿಡಿಬಿಡಿಯಾಗುತ್ತದೆ. ಅದಕ್ಕೆ ಅರ್ಧ ಲೀಟರ್ ಮೊಸರು, ಹೆಚ್ಚಿದ ಸವತೆಕಾಯಿ, ಕೊತ್ತಂಬರಿ ಕಲಸಿ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಡಬೇಕು. ಮೇಲೆ ಹುರಿದ ಶೇಂಗಾ. ಬಸಿದ ನೀರು ಆರಿದ ಮೇಲೆ ನಮ್ಮ ಎಮ್ಮೆ ಕರುವಿಗೆ.

ಎರಡನೆಯದು ಟೊಮೆಟೊ ಪಾಸ್ತಾ. ಇಟಲಿಯವರ ಲೆಕ್ಕ ನೆನಪಿಡಲು ಸುಲಭ. 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. 200 ಗ್ರಾಂ ತಂದರೆ ರೊಟ್ಟಿ ಪಕ್ಕಕ್ಕೆ ಪಲ್ಯದ ಹಾಗೆ ಎಲ್ಲರಿಗೂ ಆಗುತ್ತದೆ. ಇದು ಬೇಯಲು ಹತ್ತು ನಿಮಿಷ ಬೇಕು. ಬೇರೆ ಬೋಗುಣಿಯಲ್ಲಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಉಳ್ಳಾಗಡ್ಡಿ, ಮೂರು ಟೊಮೆಟೊ ಬಾಡಿಸಿ, ಖಾರ ಹಾಕಿ ಪಾಸ್ತಾ ಕಲಸಬೇಕು. ಇಟಲಿಯವರು ಬೇಸಿಗೆಯಲ್ಲಿ ಪಾಸ್ತಾವನ್ನು ಆರಿಸಿ, ಹಸಿ ಟೊಮೆಟೊ, ಬೇಸಿಲ್ ಎಲೆ ಹಾಕಿ ತಣ್ಣಗೇ ಉಣ್ಣುತ್ತಾರೆ. ಬೇಸಿಲ್ ಎಂದರೆ ನಮ್ಮ ಕಾಮಕಸ್ತೂರಿ, ಬೇಸಿಗೆಯಲ್ಲಿ ಬೀಜ ನೆನೆಸಿ ಶರಬತ್ತಿಗೆ ಹಾಕುತ್ತಾರಲ್ಲ ಅದೇ ಗಿಡ. ನಾನೂ ಹಿತ್ತಲಿನಿಂದ ನಾಲ್ಕು ಎಲೆ ತಂದು ಹಾಕಿದೆ. ಪಾಸ್ತಾ ಹಲ್ಲಿಗೆ ಸ್ವಲ್ಪ ತಾಗುವಂತೆ ಗಟ್ಟಿ ಇರಬೇಕು ಎಂಬುದು ಅವರ ಪದ್ಧತಿ. ನಮ್ಮ ಆಯಿಗೆ ಐದೇ ಹಲ್ಲು ಉಳಿದಿವೆ, ಆದ್ದರಿಂದ ಅವಳ ಪಾಲನ್ನು ಇನ್ನೂ ನಾಲ್ಕು ನಿಮಿಷ ಬೇಯಿಸಿದೆ. “ಉಪ್ಪು ಖಾರ ಬರೋಬ್ಬರಿ ಐತಿ, ಆದ್ರ ಇದಕ್ಕ ಬೆಲ್ಲ ಹಾಕಿದ್ರ ಇನ್ನೂ ಚಲೋ ಆಗ್ತಿತ್ತು” ಎಂದಳು.

ಪ್ಯಾಕೆಟ್ ಕೊಳ್ಳುವಾಗ ಹಿಂದೆ ಬರೆದದ್ದನ್ನು ಓದಿ. ಕೆಲವು ರವೆಯವು, ಕೆಲವು ಮೈದಾದವು. ಬರೀ ಪಾಸ್ತಾ ಉಂಡರೆ ಸಾಲದು. ಮೊಳಕೆ ಹೆಸರು, ಶೇಂಗಾ ಹಿಂಡಿ, ಮೊಸರು, ಗಜ್ಜರಿ ಪಚಡಿ ಏನಾದರೂ ಜೊತೆಗೆ ಬೇಕು.

ಒಂದು ಎಚ್ಚರಿಕೆ. ಅನ್ನ, ಶಾವಿಗೆ, ಪಾಸ್ತಾ ಬೇಯಿಸಿ ಸೆಕೆಯಲ್ಲಿ ಬಹಳ ಹೊತ್ತು ಇಡಬಾರದು. 5 ಡಿಗ್ರಿಯಿಂದ 60 ಡಿಗ್ರಿಯೊಳಗೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬೇಯಿಸಿದ್ದನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲವಂತೆ. ಮೊಸರು ಕಲಸಿದ್ದೇವೆ, ಏನೂ ಆಗಲ್ಲ ಎಂದು ಧೈರ್ಯ ಮಾಡಬೇಡಿ. ಫ್ರಿಜ್ ಇಲ್ಲದ ನಮ್ಮಂಥವರು ಬೇಕಾದಷ್ಟೇ ಮಾಡಿ, ಮಾಡಿದ ಕೂಡಲೇ ಉಂಡು ಮುಗಿಸುವುದು ಒಳ್ಳೆಯದು.

ಮನೆಯಲ್ಲಿ ಇದನ್ನು ಒಪ್ಪಿಸುವುದು ಅಡಿಗೆಗಿಂತ ಕಷ್ಟ. ಅಪ್ಪನಿಗೆ ರೊಟ್ಟಿ ಇಲ್ಲದಿದ್ದರೆ ಊಟವೇ ಅಲ್ಲ. ಆಯಿ, “ನಾವೇನ್ ಒಲಿ ಮುಂದ ಬೆವರಿಲ್ಲೇನು” ಎಂದಳು. ನಾನು ಉಷ್ಣತಾಮಾಪಕದ ಲೆಕ್ಕ ಬರೆದ ಹಾಳೆ ಓದಿದೆ. ಅಪ್ಪ ಏನೂ ಮಾತಾಡದೆ ಹೋಗಿ ಒಲೆ ಮುಂದೆ ಅವ್ವನ ಜಾಗದಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬಂದ. ಈಗ ಹೀಗೆ ತೀರ್ಮಾನವಾಗಿದೆ. ಸೋಮವಾರ ಮತ್ತು ಗುರುವಾರ ನಸುಕಿನಲ್ಲಿ ತಂಪು ಇರುವಾಗಲೇ ಕಡಕ್ ರೊಟ್ಟಿ ಮಾಡಿಟ್ಟು, ರಾತ್ರಿ ಶಾವಿಗೆ ಇಲ್ಲವೆ ಪಾಸ್ತಾ, ಜೊತೆಗೆ ಪಚಡಿ. ಒಲೆ ಉರಿಯುವುದು ಕಾಲು ತಾಸು. ಉಳಿದ ಐದು ದಿನ ಮೊದಲಿನ ಹಾಗೆಯೇ. ವಾರಕ್ಕೆ ನಾಲ್ಕು ದಿನ ಮಾಡಬೇಕೆಂಬುದು ನನ್ನ ಬೇಡಿಕೆ, ಅದು ಇನ್ನೂ ಪಾಸಾಗಿಲ್ಲ. ಆದರೆ ಆ ಎರಡು ದಿನ ಅವ್ವ ನಮ್ಮೆಲ್ಲರ ಜೊತೆ ಅಂಗಳದಲ್ಲಿ ಕೂತು ಉಣ್ಣುತ್ತಾಳೆ. ಮೊದಲು ಅವಳು ಎಲ್ಲರಿಗೂ ನೀಡಿ, ಕೊನೆಗೆ ಒಬ್ಬಳೇ ಒಳಗೆ ಉಣ್ಣುತ್ತಿದ್ದಳು.

ಕೊನೆಗೆ ಒಂದು ವಿನಂತಿ. ನಮ್ಮ ಮನೆಯ ಶಾವಿಗೆ ಮಣೆಗೆ ಗೆದ್ದಲು ಹತ್ತಿದೆ. ಯಾರ ಮನೆಯಲ್ಲಾದರೂ ಗಟ್ಟಿ ಮಣೆ ಇದ್ದರೆ ಶನಿವಾರ ಶಾಲೆಗೆ ತನ್ನಿ. ಹೊಸೆಯುವುದನ್ನು ಎಲ್ಲರಿಗೂ ತೋರಿಸಲು ನಮ್ಮ ಆಯಿ ಬರುತ್ತೇನೆಂದಿದ್ದಾಳೆ, ಸರ್ ಕೂಡ ಒಪ್ಪಿದ್ದಾರೆ. ಹಿಟ್ಟು ನಾನು ತರುತ್ತೇನೆ.