ಗಗನದ್ವೀಪಗಳ ಹಕ್ಕಿಗಳು

ದ್ವೀಪವೆಂದರೆ ಸುತ್ತಲೂ ನೀರಿರುವ ನೆಲವೆಂದು ಭೂಗೋಳದಲ್ಲಿ ಓದಿದ್ದೇವೆ. ಆದರೆ ಹಕ್ಕಿಯೊಂದು ದಾಟಲೊಲ್ಲದ ಬಯಲೂ ಅದರ ಪಾಲಿಗೆ ಕಡಲೇ ಸರಿ. ಪಶ್ಚಿಮಘಟ್ಟಗಳ ಎತ್ತರದಲ್ಲಿರುವ ಶೋಲಾ ಕಾಡುಗಳು ಇಂಥ ‘ಗಗನದ್ವೀಪ’ಗಳು.

ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ರಾಜಾಜಿನಗರ, ವಿಜಯನಗರಗಳು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿವೆ. ಬಾಬಾಬುಡನ್ ಶ್ರೇಣಿಯ ಮುಳ್ಳಯ್ಯನಗಿರಿ ಸುಮಾರು ೧೯೩೦ ಮೀಟರ್. ಆ ತಂಪಿಗೂ ಮಂಜಿಗೂ ಒಗ್ಗಿದ ಹಕ್ಕಿ ಕೆಳಗಿನ ಬಿಸಿಲ ಬಯಲಿಗೆ ಇಳಿಯುವುದಿಲ್ಲ.

ಹೀಗೆ ಬೇರ್ಪಟ್ಟ ಗುಂಪುಗಳಲ್ಲಿ ಏನಾಗುತ್ತದೆ? ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಎಂಟು ಸಲ ತಲೆ ಬಿದ್ದರೆ ಅಚ್ಚರಿಯಿಲ್ಲ; ಸಾವಿರ ಸಲ ಚಿಮ್ಮಿದಾಗ ಎಂಟುನೂರು ಸಲ ಬೀಳುವುದು ಅಸಂಭವವೆನ್ನಬಹುದು. ಅಂತೆಯೇ ಚಿಕ್ಕ ಗುಂಪಿನಲ್ಲಿ ಆನುವಂಶಿಕ ಗುಣವೊಂದು ಕೇವಲ ಆಕಸ್ಮಿಕವಾಗಿ ಹರಡಬಹುದು, ಇಲ್ಲವೇ ಅಳಿಯಬಹುದು. ಹೊಸ ಮಾರ್ಪಾಡುಗಳೂ ಹುಟ್ಟಿದ ಬೆಟ್ಟದಲ್ಲಿಯೇ ಉಳಿಯುತ್ತವೆ. ಲಕ್ಷಾಂತರ ವರ್ಷಗಳಲ್ಲಿ ಈ ವ್ಯತ್ಯಾಸಗಳು ಕೂಡಿ, ಒಂದು ಪ್ರಭೇದ ಹಲವಾಗುತ್ತದೆ.

೨೦೧೭ರಲ್ಲಿ ವಿ. ವಿ. ರಾಬಿನ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಶೋಲಾ ಹಕ್ಕಿಗಳ ಡಿಎನ್‌ಎ, ರೂಪ, ಹಾಡುಗಳನ್ನು ಹೋಲಿಸಿ ಎರಡು ಹೊಸ ಕುಲಗಳನ್ನು ಹೆಸರಿಸಿದರು. ಅವುಗಳಲ್ಲೊಂದು ‘ಶೋಲಿಕೋಲಾ’, ಅದರಲ್ಲಿ ಮೂರು ಪ್ರಭೇದಗಳು. ಸುಮಾರು ೩೦ ಕಿಲೋಮೀಟರ್ ಅಗಲದ ಪಾಲಕ್ಕಾಡಿನ ಕಂಡಿಯ ಉತ್ತರಕ್ಕೆ, ನೀಲಗಿರಿಯಿಂದ ಬಾಬಾಬುಡನ್‌ವರೆಗೆ ಒಂದು. ಅದರ ದೇಹದ ಇಕ್ಕೆಲಗಳಲ್ಲಿ ಕೆಂಗಂದು ಬಣ್ಣವಿದೆ. ಕಂಡಿಯ ದಕ್ಷಿಣಕ್ಕೆ ಪಳನಿ, ಆನೆಮಲೆಗಳಲ್ಲಿ ಬಿಳಿಹೊಟ್ಟೆಯ ಇನ್ನೊಂದು. ಚೆಂಗೋಟೆಯ ಕಂಡಿಯ ಆಚೆ ಅಶಂಬು ಬೆಟ್ಟಗಳಲ್ಲಿ ಮೂರನೆಯದು. ‘ಮಾಂಟೆಸಿಂಕ್ಲಾ’ ಎಂಬ ಇನ್ನೊಂದು ಕುಲದಲ್ಲಿ ನಾಲ್ಕು ಪ್ರಭೇದಗಳಿವೆ.

ಗ್ಯಾಲಪಗೋಸ್ ದ್ವೀಪಗಳ ಫಿಂಚ್‌ಗಳಿಗೂ ಇವಕ್ಕೂ ಗಮನಿಸಬೇಕಾದ ಅಂತರವೊಂದಿದೆ. ಅಲ್ಲಿ ಬೇರೆಬೇರೆ ಆಹಾರಕ್ಕೆ ತಕ್ಕಂತೆ ಕೊಕ್ಕುಗಳು ಬೇರೆಯಾದವು. ಶೋಲಿಕೋಲಾಗಳೋ ಮೂರೂ ಕಡೆ ಒಂದೇ ಬಗೆಯ ಕಾಡಿನ ನೆರಳಿನಲ್ಲಿ ಹುಳುಹುಪ್ಪಟೆ ಹಿಡಿದು ಬಾಳುತ್ತವೆ. ಕವಲೊಡೆಯಲು ಹೊಸ ಕಸುಬು ಬೇಕೆಂದಿಲ್ಲ. ಅಗಲಿಕೆಯೂ ಕಾಲವೂ ಸಾಕು.

ಇಂಥ ಕಾಡುಗಳ ಬಹುಭಾಗವನ್ನು ಚಹಾ, ನೀಲಗಿರಿ, ಅಕೇಸಿಯ ತೋಪುಗಳು ಆಕ್ರಮಿಸಿವೆ. ಹವೆ ಬಿಸಿಯಾದಂತೆ ತಂಪಿನ ವಲಯ ಮೇಲೆ ಸರಿಯುತ್ತದೆ. ಶಿಖರದ ಮೇಲೆ ಮತ್ತೆ ಶಿಖರವಿಲ್ಲ. ಇವೆಲ್ಲ ಒಂದೇ ಪ್ರಭೇದವೆಂದು ಬಗೆದಾಗ, ಒಂದು ಬೆಟ್ಟದಲ್ಲಿ ಅಳಿದರೂ ಇನ್ನೊಂದರಲ್ಲಿ ಉಳಿದೀತೆಂಬ ಸಮಾಧಾನವಿತ್ತು. ಈಗ ತಿಳಿದಿರುವಂತೆ, ಅಶಂಬುವಿನ ಶೋಲಾ ನಾಶವಾದರೆ ಅದರ ಹಕ್ಕಿಗೆ ಲೋಕದಲ್ಲಿ ಬೇರೆ ನೆಲೆಯಿಲ್ಲ.